ಮಗನಿಗೆ ಬಾಲ್ ಪೈಥಾನ್ ಬೇಕಂತೆ, ಊರಲ್ಲಿ ನೋಡಿದರೆ ತೋಟದ ತುಂಬ ಹಾವು

ತೀರ್ಥಹಳ್ಳಿ_ಸೊಸೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾವಿರುವುದು ಯಲಹಂಕದಲ್ಲಿ, ಗಂಡನ ಊರು ತೀರ್ಥಹಳ್ಳಿ ಹತ್ತಿರದ ಒಂದು ಹಳ್ಳಿ. ಮಗ ಒಂಬತ್ತನೇ ಕ್ಲಾಸು. ಹಾವಿನ ಹುಚ್ಚು ಹತ್ತಿ ತುಂಬ ದಿನ ಆಯಿತು, ಈಗ ಬಾಲ್ ಪೈಥಾನ್ ಅನ್ನುವ ವಿದೇಶಿ ಹೆಬ್ಬಾವು ಕೊಡಿಸಿ ಅಂತ ಹಠ. ಇನ್‌ಸ್ಟಾಗ್ರಾಂನಲ್ಲಿ ಯಾರೋ ಮಾರುತ್ತಾರಂತೆ. "ಪೇಪರ್ ಎಲ್ಲ ಇದೆ ಆಂಟಿ, ನಾಯಿ ಸಾಕುವುದಕ್ಕಿಂತ ಸುಲಭ, ಆಗಾಗ ಒಂದು ಇಲಿ ಹಾಕಿದರೆ ಸಾಕು" ಅಂತ ನನಗೇ ಮೆಸೇಜು ಬಂದಿದೆ. ಇದು ನಿಜವಾ? ಕಾನೂನು ಪ್ರಕಾರ ಸಾಕಬಹುದಾ? ಸಾಕುವುದು ಅಷ್ಟು ಸುಲಭವಾ?

ಇನ್ನೊಂದು ವಿಷಯ ಇದಕ್ಕಿಂತ ಜಾಸ್ತಿ ತಲೆ ತಿನ್ನುತ್ತಿದೆ. ರಜೆಗೆ ಊರಿಗೆ ಹೋದರೆ ಅಲ್ಲಿ ಹಾವು ಕಾಣದ ದಿನವೇ ಇಲ್ಲ. ಮಾವನವರು ಕೇರೆ ಹಾವು ನೋಡಿದರೂ "ಹೋಗಲಿ ಬಿಡು" ಎಂದು ಸುಮ್ಮನಾಗುತ್ತಾರೆ, ಅದು ಸರಿ. ಆದರೆ ಇವನು ಯೂಟ್ಯೂಬ್ ನೋಡಿ ಕಲಿತುಬಿಟ್ಟಿದ್ದಾನೆ, ಕೋಲು ಹಿಡಿದು ಹತ್ತಿರ ಹೋಗುತ್ತಾನೆ. ಹೋದ ಸಲ ಸೋಗೆ (ಒಣ ಗರಿ) ರಾಶಿ ಹತ್ತಿರ ಒಂದು ದಪ್ಪ ಕಂದು ಹಾವು ಮಲಗಿತ್ತು. "ಅಮ್ಮಾ, ಹೆಬ್ಬಾವಿನ ಮರಿ, ಏನೂ ಮಾಡಲ್ಲ" ಎಂದು ಕೂಗಿದ. ಮಾವ ಕುತ್ತಿಗೆಪಟ್ಟಿ ಹಿಡಿದು ಎಳೆದುಕೊಂಡು ಬಂದರು. ಮನೆಯಲ್ಲೇ ಒಂದು ಹಾವು ಸಾಕಿದರೆ ಸರಿಯಾಗಿ ಕಲಿತುಕೊಳ್ಳುತ್ತಾನೆ ಅನ್ನುವುದು ಗಂಡನ ವಾದ. ನನಗೆ ಉಲ್ಟಾ ಅನಿಸುತ್ತಿದೆ. ತಿಳಿದವರು ಹೇಳಿ.

ಸಾಫ್ಟ್‌ವೇರ್_ಸರ್ಪ:

ಮೇಡಂ, ನನ್ನ ಹತ್ತಿರ ಒಂದು ಬಾಲ್ ಪೈಥಾನ್ ಇದೆ, ನೋಂದಣಿ ಆಗಿರುವುದು. ಹಾಗಾಗಿ ಸಾಕುವ ವಿಷಯ ಮಾತ್ರ ಹೇಳುತ್ತೇನೆ, ಕಾನೂನು ಗೊತ್ತಿರುವವರು ಬೇರೆ ಬರುತ್ತಾರೆ.

"ಸುಲಭ" ಅನ್ನುವುದು ಅರ್ಧ ನಿಜ. ಇದು ಪಶ್ಚಿಮ ಆಫ್ರಿಕಾದ ಹಾವು. ಘಾನಾ, ಟೋಗೊ, ಬೆನಿನ್ ಕಡೆಯದು. ಅಲ್ಲಿ ಹಗಲೆಲ್ಲ ಇಲಿ ಬಿಲದಲ್ಲೋ ಹುತ್ತದಲ್ಲೋ ಇದ್ದು ರಾತ್ರಿ ಹೊರಗೆ ಬರುತ್ತದೆ. ಮೂರರಿಂದ ಐದಡಿ ಬೆಳೆಯುತ್ತದೆ, ವಿಷ ಇಲ್ಲ, ಹೆದರಿದರೆ ತಲೆಯನ್ನು ನಡುವೆ ಇಟ್ಟು ಉಂಡೆಯಾಗುತ್ತದೆ. ಇಷ್ಟಕ್ಕೇ ಜನ ಸಾಧು ಅನ್ನುವುದು. ಮಗನಿಗೆ ಈಗಲೇ ಒಂದು ಮಾತು ಹೇಳಿಬಿಡಿ: ಉಂಡೆಯಾಗುವುದು ಪ್ರೀತಿಗಲ್ಲ, ಭಯಕ್ಕೆ.

ಗೂಡಿನ ಒಂದು ಕಡೆ 31-32 ಡಿಗ್ರಿ ಇರಬೇಕು, ಇನ್ನೊಂದು ಕಡೆ 26ರ ಸುಮಾರು, ತೇವ ಅರವತ್ತು ಪರ್ಸೆಂಟ್ ಹತ್ತಿರ. ಬೆಂಗಳೂರಿನ ಡಿಸೆಂಬರ್ ರಾತ್ರಿ 15 ಡಿಗ್ರಿಗೆ ಇಳಿಯುತ್ತದೆ ಅಲ್ವಾ, ಆಗ ಹೀಟಿಂಗ್ ಪ್ಯಾಡ್ ಬೇಕೇ ಬೇಕು, ಅದಕ್ಕೆ ಥರ್ಮೋಸ್ಟಾಟ್ (ಶಾಖ ಹದದಲ್ಲಿಡುವ ಸಾಧನ) ಬೇಕೇ ಬೇಕು. ಥರ್ಮೋಸ್ಟಾಟ್ ಇಲ್ಲದ ಪ್ಯಾಡ್ ಮೇಲೆ ಹಾವು ಸುಮ್ಮನೆ ಮಲಗಿರುತ್ತದೆ, ಹೊಟ್ಟೆ ಚರ್ಮ ಸುಟ್ಟಿರುತ್ತದೆ. ಚಳಿ ಹಿಡಿದರೆ ಉಸಿರಾಟದ ಸೋಂಕು ಬರುತ್ತದೆ. ಬಾಯಿ ಸ್ವಲ್ಪ ತೆರೆದಿರುತ್ತದೆ, ಮೂಗಿನ ಹತ್ತಿರ ಗುಳ್ಳೆ ಕಾಣುತ್ತದೆ, ಕಿವಿಗೊಟ್ಟರೆ ಸಣ್ಣ ಗೊರಗೊರ. ಇದನ್ನು ನೋಡುವ ಪಶುವೈದ್ಯರು ಇಷ್ಟು ದೊಡ್ಡ ಊರಲ್ಲೂ ಬೆರಳೆಣಿಕೆ.

ಪೊರೆ ಬಿಡುವ ಸಮಯ ನೋಡಲು ಚೆನ್ನ. ಮೊದಲು ಮೈ ಮಂಕಾಗುತ್ತದೆ, ಕಣ್ಣು ಹಾಲು ಬೆರೆಸಿದ ನೀಲಿ ಆಗುತ್ತದೆ, ಆಮೇಲೆ ಎರಡು ಮೂರು ದಿನ ಕಣ್ಣು ತಿಳಿಯಾಗಿ "ಏನೂ ಆಗಲಿಲ್ಲವಲ್ಲ" ಅನಿಸುವಾಗ ಮೂತಿಯನ್ನು ಕಲ್ಲಿಗೆ ಉಜ್ಜಿ ತುಟಿಯಿಂದ ಬಿಡಿಸಲು ಶುರು ಮಾಡುತ್ತದೆ. ಒಳಗಿನದು ಹೊರಗೆ ಮಗುಚಿಕೊಂಡು ಇಡೀ ಪೊರೆ ಬರಬೇಕು. ತೇವ ಕಡಿಮೆಯಾಗಿದ್ದರೆ ತುಂಡು ತುಂಡಾಗಿ ಬರುತ್ತದೆ, ಕಣ್ಣಿನ ಮೇಲಿನ ಪದರ ಅಲ್ಲೇ ಉಳಿಯುತ್ತದೆ. ಅದನ್ನು ಉಗುರಿನಲ್ಲಿ ಕೀಳಲು ಹೋಗಿ ಹಾವಿನ ಕಣ್ಣು ಕಳೆದವರಿದ್ದಾರೆ.

ಇನ್ನು ಊಟ. ಜೀವಂತ ಇಲಿ ಹಾಕಬಾರದು, ಇಲಿಯೇ ಹಾವನ್ನು ಕಚ್ಚಿ ಗಾಯ ಮಾಡುತ್ತದೆ. ಸತ್ತ ಇಲಿ ಫ್ರೀಜರ್‌ನಲ್ಲಿ ಇಟ್ಟು, ಕರಗಿಸಿ, ಬಿಸಿನೀರಲ್ಲಿ ಅದ್ದಿ ಮೈ ಬೆಚ್ಚಗಾದ ಮೇಲೆ ಉದ್ದ ಇಕ್ಕಳದಲ್ಲಿ ಹಿಡಿದು ತೋರಿಸಬೇಕು. ತುಟಿಯ ಮೇಲಿನ ಗುಳಿಗಳಿಂದ ಅದು ಶಾಖ ಕಂಡುಹಿಡಿಯುತ್ತದೆ. ತಣ್ಣಗಿದ್ದರೆ ತಿರುಗಿಯೂ ನೋಡುವುದಿಲ್ಲ. ಅಂದರೆ ನಿಮ್ಮ ಫ್ರೀಜರ್‌ನಲ್ಲಿ ಬಟಾಣಿ, ಐಸ್‌ಕ್ರೀಂ ಪಕ್ಕದಲ್ಲಿ ಇಲಿ ಇರುತ್ತದೆ. ಮನೆಯಲ್ಲಿ ಹಿರಿಯರಿದ್ದರೆ ಮೊದಲು ಈ ವಿಷಯ ಬಗೆಹರಿಸಿಕೊಳ್ಳಿ! ಮತ್ತೆ ಚಳಿಗಾಲದಲ್ಲಿ ತಿಂಗಳುಗಟ್ಟಲೆ ಏನೂ ತಿನ್ನದೆ ಕೂರುವುದು ಈ ಜಾತಿಗೆ ಮಾಮೂಲು. ಹೊಸಬರು ಗಾಬರಿಯಾಗಿ ಬಾಯಿ ತೆರೆದು ತುರುಕುತ್ತಾರೆ, ಅದು ತಪ್ಪು.

ದೊಡ್ಡ ವಿಷಯ ಅಂದರೆ ಆಯಸ್ಸು. ಇಪ್ಪತ್ತರಿಂದ ಮೂವತ್ತು ವರ್ಷ. ಮಗ ಇಂಜಿನಿಯರಿಂಗ್ ಮುಗಿಸಿ, ಬೇರೆ ಊರಿಗೆ ಹೋಗಿ, ಮದುವೆಯಾದರೂ ಹಾವು ನಿಮ್ಮ ಹತ್ತಿರವೇ ಇರುತ್ತದೆ.

ಕಪ್ಪುಕೋಟು:

ಪೇಪರ್ ಇದೆ ಅಂದರೆ ಯಾವ ಪೇಪರ್ ಅಂತ ಕೇಳಿ. ಇಲ್ಲೇ ಎಲ್ಲರೂ ಮುಗ್ಗರಿಸುವುದು.

ಮೊದಲಿಗೆ ನಮ್ಮ ದೇಶದ ಹಾವು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ನಾಗರಹಾವು, ನಮ್ಮ ಹೆಬ್ಬಾವು, ಕಾಳಿಂಗ, ಮಣ್ಣುಮುಕ್ಕ ಯಾವುದನ್ನೂ ಮನೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ಹೆಬ್ಬಾವಿನಂಥ, ಕಾಯ್ದೆಯಲ್ಲಿ ಅತಿ ಹೆಚ್ಚು ರಕ್ಷಣೆ ಇರುವ ಮೊದಲ ಪಟ್ಟಿಯ ಪ್ರಾಣಿಯಾದರೆ ಕನಿಷ್ಠ 3 ವರ್ಷ, 7 ವರ್ಷದವರೆಗೂ ಜೈಲು. "ಗಾಯವಾಗಿತ್ತು, ಆರೈಕೆ ಮಾಡುತ್ತಿದ್ದೆ" ಅನ್ನುವ ಕಥೆ ನಡೆಯುವುದಿಲ್ಲ. ಮಣ್ಣುಮುಕ್ಕದ ವ್ಯಾಪಾರ ಗೊತ್ತಿರಬಹುದು, ಎರಡು ತಲೆ ಹಾವು, ಮನೆಯಲ್ಲಿದ್ದರೆ ದುಡ್ಡು ಸುರಿಯುತ್ತೆ ಅಂತ ಲಕ್ಷಗಟ್ಟಲೆ ಹೇಳುತ್ತಾರೆ. ಬಾಲ ಮೊಂಡು ಇರುವುದರಿಂದ ತಲೆ ಥರ ಕಾಣುತ್ತದೆ, ಅಷ್ಟೇ. ಅದರಲ್ಲಿ ದುಡ್ಡು ಸುರಿಯುವುದು ಮಾರುವವನಿಗೆ ಮಾತ್ರ.

ಬಾಲ್ ಪೈಥಾನ್ ವಿದೇಶಿ, ಸೈಟಿಸ್ ಒಪ್ಪಂದದ (ವನ್ಯಜೀವಿ ವ್ಯಾಪಾರದ ಮೇಲಿನ ಅಂತರರಾಷ್ಟ್ರೀಯ ಒಪ್ಪಂದ) ಎರಡನೇ ಪಟ್ಟಿಯಲ್ಲಿದೆ. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಇಂಥ ಪ್ರಾಣಿ ಇಟ್ಟುಕೊಂಡವರು ಆರು ತಿಂಗಳೊಳಗೆ ತಾವಾಗಿ ಹೇಳಿಕೊಂಡರೆ ದಾಖಲೆ ಕೇಳುವುದಿಲ್ಲ ಅಂದಿತ್ತು. ಆ ಕಾಲದ ಚೀಟಿಯ ಫೋಟೋ ತೋರಿಸಿ ಇವತ್ತಿನ ಮರಿ ಮಾರುವವರಿದ್ದಾರೆ. ಕಾಯ್ದೆಯ 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಾಯಿತು, 2024ರ ಫೆಬ್ರವರಿಯಲ್ಲಿ ನೋಂದಣಿ ನಿಯಮ ಬಂತು. ಈಗ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಕೈ ಬದಲಾದರೂ, ಮರಿ ಮಾಡಿದರೂ, ಸತ್ತರೂ ತಿಳಿಸಬೇಕು. ಮಾರುವವನ ಹೆಸರಲ್ಲಿ ಆ ಹಾವಿನ ನೋಂದಣಿ ಇಲ್ಲ ಅಂದರೆ ನಿಮ್ಮ ಹೆಸರಿಗೆ ಬರುವ ದಾರಿಯೇ ಇಲ್ಲ.

ಹೊರದೇಶದಿಂದ ತಂದದ್ದು ಅಂದರೆ ಇನ್ನೂ ಹುಷಾರು. 2024ರ ಏಪ್ರಿಲ್‌ನಲ್ಲಿ ಬ್ಯಾಂಕಾಕ್‌ನಿಂದ ನಮ್ಮ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಬಂದ ಒಬ್ಬನ ಸೂಟ್‌ಕೇಸಿನಲ್ಲಿ 10 ಹಳದಿ ಅನಕೊಂಡ ಸಿಕ್ಕಿದ್ದವು. ಇನ್‌ಸ್ಟಾಗ್ರಾಂಗೆ ಮರಿ ಎಲ್ಲಿಂದ ಬರುತ್ತವೆ ಅಂತ ಕೇಳುವವರಿಗೆ ಇದೂ ಒಂದು ಉತ್ತರ. ಮೆಸೇಜು ಮಾಡಿದವನಿಗೆ ಪೋರ್ಟಲ್ ನೋಂದಣಿ ಕಳಿಸು ಅನ್ನಿ. ಬ್ಲಾಕ್ ಮಾಡುತ್ತಾನೆ ನೋಡಿ.

ಅಡಿಕೆ_ಮತ್ತು_ಮಳೆ:

ನಾನೂ ತೀರ್ಥಹಳ್ಳಿ ಕಡೆಯವನೇ. ಸೋಗೆ ರಾಶಿ, ದಪ್ಪ ಕಂದು ಹಾವು, ಹೆಬ್ಬಾವಿನ ಮರಿ ಅಂದ ಅಂತ ಓದಿದ ಕೂಡಲೇ ಎದೆ ಧಸಕ್ ಅಂತು. ನಿಮ್ಮ ಮಾವನವರಿಗೆ ನನ್ನ ಕಡೆಯಿಂದ ಒಂದು ನಮಸ್ಕಾರ ತಿಳಿಸಿ ಅಕ್ಕಾ. ಅದು ಕಡು ವಿಷದ ಕೊಳಕುಮಂಡಲ ಇದ್ದಿರಲೂಬಹುದು.

ನಮ್ಮ ಕಡೆ ಜನ ಹಾವು ಕೈಯಲ್ಲಿ ಹಿಡಿದು ಕಚ್ಚಿಸಿಕೊಳ್ಳುವುದು ಹೆಚ್ಚಾಗಿ ಇದೇ ಗೊಂದಲದಲ್ಲಿ. ಎರಡೂ ದಪ್ಪ, ಎರಡೂ ಕಂದು, ಎರಡಕ್ಕೂ ಮೈಮೇಲೆ ಮಚ್ಚೆ, ಎರಡೂ ಸೋಮಾರಿ ಥರ ಬಿದ್ದಿರುತ್ತವೆ. ನೋಡಬೇಕಾದ್ದು ಮಚ್ಚೆ. ಕೊಳಕುಮಂಡಲಕ್ಕೆ ಬೆನ್ನಿನ ಮೇಲೆ ಒಂದು, ಎರಡು ಪಕ್ಕೆಗೆ ಒಂದೊಂದು, ಹೀಗೆ ಮೂರು ಸಾಲು. ಪ್ರತಿ ಮಚ್ಚೆ ಮೊಟ್ಟೆಯಾಕಾರ, ಸುತ್ತ ಕಪ್ಪು ಅಂಚು, ಸರಪಳಿ ಹಾಗೆ ಒಂದರ ಹಿಂದೆ ಒಂದು. ಹೆಬ್ಬಾವಿನದು ಅಡ್ಡಾದಿಡ್ಡಿ, ನಕ್ಷೆ ಹರಿದು ಅಂಟಿಸಿದಂತೆ, ಒಂದರ ಅಳತೆ ಇನ್ನೊಂದಕ್ಕೆ ಇಲ್ಲ. ಮಂಡಲಕ್ಕೆ ತಲೆ ತ್ರಿಕೋನ, ಕುತ್ತಿಗೆ ಸಣ್ಣ. ರೇಗಿದರೆ ಬುಸುಗುಟ್ಟುವ ಸದ್ದು ಹತ್ತಾರು ಅಡಿ ಆಚೆಗೂ ಕೇಳುತ್ತದೆ. ಆದರೆ ಎಲ್ಲ ಸಲ ಸದ್ದು ಮಾಡುತ್ತದೆ ಅಂತ ನಂಬಬೇಡಿ. ದರಗಿನ (ಒಣಗಿ ಬಿದ್ದ ಎಲೆಯ) ಬಣ್ಣ, ಅದರ ಬಣ್ಣ ಒಂದೇ. ಅದು ಅಲುಗುವುದೇ ಇಲ್ಲ, ನೀವೇ ಹೋಗಿ ತುಳಿಯುತ್ತೀರಿ.

ಈಗ ನಿಮ್ಮ ಯಜಮಾನರ ವಾದಕ್ಕೆ ಬರುತ್ತೇನೆ. ಮನೆಯ ಬಾಲ್ ಪೈಥಾನ್ ಕಂದು, ದಪ್ಪ, ಮೈತುಂಬ ಮಚ್ಚೆ. ದಿನಾ ಅದನ್ನು ಎತ್ತಿ ಎತ್ತಿ ಕೈಗೆ ಅಭ್ಯಾಸವಾದ ಹುಡುಗ ತೋಟದಲ್ಲಿ ಅದೇ ಥರದ್ದು ಕಂಡಾಗ ತಲೆ ಯೋಚಿಸುವ ಮೊದಲೇ ಕೈ ಮುಂದೆ ಹೋಗುತ್ತದೆ. ನಾನು ಸಾಕುವವರನ್ನು ಬೈಯುತ್ತಿಲ್ಲ, ಮೇಲಿನ ಸಾಫ್ಟ್‌ವೇರ್ ಸಾಹೇಬರು ಅಚ್ಚುಕಟ್ಟಾಗಿ ಬರೆದಿದ್ದಾರೆ. ಆದರೆ ಸಾಕಿದ ಹಾವು ಕಲಿಸುವುದು ಸಾಕುವುದನ್ನು ಮಾತ್ರ. ತೋಟದ ಹಾವಿನ ಪಾಠ ಬೇರೆಯೇ, ಅದು ಕೈ ಹಿಂದಕ್ಕೆ ಕಟ್ಟಿಕೊಂಡು ಕಲಿಯುವ ಪಾಠ.

ಅವನ ಹುಚ್ಚನ್ನು ಬಿಡಿಸಬೇಡಿ. ನಿಮ್ಮ ತಾಲೂಕಿನ ಆಗುಂಬೆಯಲ್ಲೇ ಉರಗತಜ್ಞ ರೋಮುಲಸ್ ವಿಟೇಕರ್ 2005ರಲ್ಲಿ ಶುರು ಮಾಡಿದ ಮಳೆಕಾಡು ಸಂಶೋಧನಾ ಕೇಂದ್ರ ಇದೆ. 2008ರಿಂದ ಕಾಳಿಂಗಕ್ಕೆ ರೇಡಿಯೋ ಟ್ರಾನ್ಸ್‌ಮಿಟರ್ ಹಾಕಿ ಎಲ್ಲಿ ಹೋಗುತ್ತೆ, ಏನು ತಿನ್ನುತ್ತೆ ಅಂತ ಹಿಂಬಾಲಿಸಿದ್ದಾರೆ. ನಮ್ಮ ಘಟ್ಟದ ಕಾಳಿಂಗ ಬೇರೆಯೇ ಜಾತಿ ಅಂತ 2024ರಲ್ಲಿ ವಿಜ್ಞಾನಿಗಳು ಒಪ್ಪಿ, ಹೆಸರನ್ನೂ "ಕಾಳಿಂಗ" ಅಂತಲೇ ಇಟ್ಟರು. ಬೇಸಿಗೆ ಕೊನೆಗೆ ಹೆಣ್ಣು ಕಾಳಿಂಗ ಮೈ ಸುತ್ತಿ ದರಗು ಎಳೆದು ಗುಡ್ಡೆ ಹಾಕಿ ಮೊಟ್ಟೆ ಇಡುತ್ತದೆ. ಗೂಡು ಕಟ್ಟುವ ಹಾವು ಪ್ರಪಂಚದಲ್ಲಿ ಅದೊಂದೇ. ಮರಿ ಹೊರಗೆ ಬರುವ ಮೊದಲೇ ತಾಯಿ ಜಾಗ ಖಾಲಿ ಮಾಡುತ್ತದೆ, ಹಸಿದಿದ್ದರೆ ಮರಿಯನ್ನೇ ತಿಂದೀತು ಅಂತ ಹೇಳುವವರಿದ್ದಾರೆ. ಅದರ ಊಟವೇ ಹಾವು ತಾನೆ. ಕೇರೆ ಹಿಂದೆ ಬಿದ್ದು ಮನೆ ಅಂಗಳಕ್ಕೆ ಬರುವುದೂ ಅದಕ್ಕೇ. ಇದನ್ನೆಲ್ಲ ದೂರದಿಂದ ನೋಡಿ ಬರೆದಿಡಲಿ, ಒಂದು ನೋಟ್‌ಬುಕ್, ಒಂದು ಬೈನಾಕ್ಯುಲರ್ ಕೊಡಿಸಿ. ಪೈಥಾನ್‌ಗಿಂತ ಖರ್ಚು ಕಡಿಮೆ.

ಬಯಲುಸೀಮೆ_ಹುಡುಗ:

ಇಷ್ಟೆಲ್ಲಾ ಯಾಕೆ ಸಾರ್, ಮನೆ ಸುತ್ತ ಕಾರ್ಬಾಲಿಕ್ ಆಸಿಡ್ ಹಾಕಿ, ಬೆಳ್ಳುಳ್ಳಿ ಜಜ್ಜಿ ಇಡಿ, ಹಾವು ಹತ್ತಿರ ಸುಳಿಯಲ್ಲ. ಕಚ್ಚಿದರೂ ನಮ್ಮೂರಲ್ಲಿ ತಾತ ಒಬ್ಬರು ಬೇರು ಕೊಡುತ್ತಿದ್ದರು, ಎಷ್ಟು ಜನ ಬದುಕಿದ್ದಾರೆ ಗೊತ್ತಾ.

ರಾತ್ರಿ_ಪಾಳಿ:

ನಾನು ತಾಲೂಕು ಆಸ್ಪತ್ರೆ ನರ್ಸ್. ಬಯಲುಸೀಮೆ ಅಣ್ಣ, ಬದುಕಿದವರು ಯಾಕೆ ಬದುಕಿದರು ಅಂದರೆ ಕಚ್ಚಿದ್ದು ಕೇರೆಯೋ ನೀರುಹಾವೋ ಇದ್ದಿರುತ್ತದೆ, ಅಥವಾ ವಿಷದ ಹಾವೇ ಕಚ್ಚಿದರೂ ವಿಷ ಬಿಟ್ಟಿರುವುದಿಲ್ಲ. ಹಾಗೆ ಆಗುವುದುಂಟು. ಬೇರು ತಿಂದು ಸತ್ತವರ ಲೆಕ್ಕ ತಾತನ ಹತ್ತಿರ ಇರುವುದಿಲ್ಲ, ನಮ್ಮ ಹತ್ತಿರ ಇರುತ್ತದೆ, ಯಾಕಂದರೆ ಅವರನ್ನು ಕೊನೆಗೆ ಇಲ್ಲಿಗೇ ತರುವುದು. 2000ದಿಂದ 2019ರವರೆಗೆ ನಮ್ಮ ದೇಶದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಚ್ಚಿ ಸತ್ತಿದ್ದಾರೆ ಅನ್ನುವುದು 2020ರಲ್ಲಿ ಬಂದ ಅಂದಾಜು. ಬಹುಪಾಲು ಹಳ್ಳಿಯವರು. 2024ರ ಫೆಬ್ರವರಿಯಿಂದ ಕರ್ನಾಟಕದಲ್ಲಿ ಹಾವು ಕಡಿತದ ಪ್ರತಿ ಕೇಸನ್ನೂ ಆಸ್ಪತ್ರೆಯವರು ಸರ್ಕಾರಕ್ಕೆ ತಿಳಿಸಲೇಬೇಕು.

ಕಾರ್ಬಾಲಿಕ್ ಆಸಿಡ್‌ನಿಂದ ಹಾವು ಓಡುವುದಿಲ್ಲ. ಮಕ್ಕಳ ಕೈಕಾಲು ಸುಡುತ್ತದೆ, ಅದಂತೂ ಗ್ಯಾರಂಟಿ.

ಸೊಸೆ ಮೇಡಂ, ನಿಮಗೆ ಬೇಕಾದ್ದು ಇದು. ಕಚ್ಚಿದರೆ ಓಡಬಾರದು, ಓಡಿಸಬಾರದು. ಕೈಗೆ ಕಚ್ಚಿದ್ದರೆ ಉಂಗುರ, ಬಳೆ, ವಾಚ್ ತಕ್ಷಣ ತೆಗೆಯಿರಿ, ಊದಿದ ಮೇಲೆ ಬರುವುದಿಲ್ಲ. ಕೈಕಾಲು ಅಲುಗದಂತೆ ಹಲಗೆಯೋ ರಟ್ಟೋ ಇಟ್ಟು ಸಡಿಲವಾಗಿ ಸುತ್ತಿ, 108ಕ್ಕೆ ಮಾಡಿ ಅಥವಾ ಸಿಕ್ಕ ಗಾಡಿಯಲ್ಲಿ ಹೊರಡಿ. ಹಗ್ಗ ಬಿಗಿದು ಕಟ್ಟಬೇಡಿ. ಬಿಗಿದು ಕಟ್ಟಿಕೊಂಡು ಬಂದ ಕಾಲು ಕಪ್ಪಾಗಿರುತ್ತದೆ, ಆಮೇಲೆ ವಿಷಕ್ಕಿಂತ ಆ ಗಂಟೇ ಕಾಲು ಕಳೆಯುತ್ತದೆ. ಬ್ಲೇಡಿನಲ್ಲಿ ಕೊಯ್ಯುವುದು, ಬಾಯಲ್ಲಿ ಹೀರುವುದು ಯಾವುದೂ ಬೇಡ. ಹಾವನ್ನು ಹೊಡೆದು ಕವರಿನಲ್ಲಿ ಹಾಕಿ ತರುವುದಂತೂ ಬೇಡವೇ ಬೇಡ, ಸತ್ತ ಹಾವಿನ ತಲೆಯೂ ಕಚ್ಚುತ್ತದೆ. ದೂರದಿಂದ ಫೋಟೋ ಸಿಕ್ಕರೆ ಒಳ್ಳೆಯದು, ಸಿಗದಿದ್ದರೂ ಪರವಾಗಿಲ್ಲ.

ಯಾಕೆ ಪರವಾಗಿಲ್ಲ ಅಂದರೆ ಇಲ್ಲಿ ಕೊಡುವ ವಿಷನಿರೋಧಕ ಔಷಧಿ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ನಾಲ್ಕಕ್ಕೂ ಒಂದೇ. ನಾವು ಮಾಡುವ ಪರೀಕ್ಷೆಯೂ ಸರಳ. ಒಣಗಿದ ಗಾಜಿನ ಟ್ಯೂಬಿಗೆ ಎರಡು ಎಂಎಲ್ ರಕ್ತ ಹಾಕಿ 20 ನಿಮಿಷ ಅಲುಗಿಸದೆ ಇಡುತ್ತೇವೆ, ಆಮೇಲೆ ಓರೆ ಮಾಡುತ್ತೇವೆ. ಗಟ್ಟಿಯಾಗಿ ನಿಂತರೆ ಸರಿ. ನೀರಿನಂತೆ ಹರಿದರೆ ಮಂಡಲದ ವಿಷ ಕೆಲಸ ಶುರು ಮಾಡಿದೆ ಅಂತ ಅರ್ಥ, ಔಷಧಿ ಹಚ್ಚುತ್ತೇವೆ. ಮಗು ಅಂತ ಡೋಸು ಕಡಿಮೆ ಮಾಡುವುದಿಲ್ಲ. ಮಗು ಸಣ್ಣದು ಅಂತ ಹಾವು ಕಡಿಮೆ ವಿಷ ಬಿಡುತ್ತದಾ? ಇನ್ನು ಕಾಳಿಂಗ, ಘಟ್ಟದ ಕೆಲವು ಗುಳಿಮಂಡಲ ಇವಕ್ಕೆ ಈ ಔಷಧಿ ಸರಿಯಾಗಿ ತಾಗುವುದಿಲ್ಲ, ಅದಕ್ಕೇ ನಿಮ್ಮ ಮಗ ಮಲೆನಾಡಿನಲ್ಲಿ ಕೋಲು ಹಿಡಿಯುವುದು ನನಗೆ ಇನ್ನೂ ಭಯ.

ಕಟ್ಟುಹಾವಿನ ಬಗ್ಗೆ ಒಂದು ಮಾತು. ರಾತ್ರಿ ನೆಲದ ಮೇಲೆ ಮಲಗಿದವರಿಗೆ ಕಚ್ಚುತ್ತದೆ, ನೋವು ಇರುವುದಿಲ್ಲ, ಗುರುತೂ ಕಾಣದೇ ಇರಬಹುದು. ಬೆಳಗಿನ ಜಾವ ಹೊಟ್ಟೆನೋವು ಅಂತ ಏಳುತ್ತಾರೆ, ಗ್ಯಾಸ್ ಅಂದುಕೊಂಡು ಜೀರಿಗೆ ಕಷಾಯ ಕುಡಿಸುತ್ತಾರೆ. ಸ್ವಲ್ಪ ಹೊತ್ತಿಗೆ ಕಣ್ಣು ರೆಪ್ಪೆ ಮೇಲೇಳುವುದಿಲ್ಲ, ಮಾತು ತೊದಲುತ್ತದೆ. ಅಲ್ಲಿಂದ ಉಸಿರು ನಿಲ್ಲುವುದಕ್ಕೆ ಜಾಸ್ತಿ ಹೊತ್ತು ಬೇಡ, ವೆಂಟಿಲೇಟರ್ ಇರುವ ಕಡೆ ತಲುಪಲೇಬೇಕು. ಊರಲ್ಲಿ ಮಕ್ಕಳನ್ನು ಮಂಚದ ಮೇಲೆ ಮಲಗಿಸಿ, ಸೊಳ್ಳೆಪರದೆ ಕಟ್ಟಿ ಅಂಚನ್ನು ಹಾಸಿಗೆ ಕೆಳಗೆ ಸಿಕ್ಕಿಸಿ.

ತೀರ್ಥಹಳ್ಳಿ_ಸೊಸೆ:

ಎಲ್ಲರಿಗೂ ತುಂಬ ಥ್ಯಾಂಕ್ಸ್. ಮಾರುವವನಿಗೆ ಪೋರ್ಟಲ್ ನೋಂದಣಿ ಕೇಳಿದೆ, "ನೋಡ್ತೀನಿ ಆಂಟಿ" ಎಂದವನು ಪತ್ತೆಯೇ ಇಲ್ಲ. ಫ್ರೀಜರ್ ಪ್ಯಾರಾ ಮಾತ್ರ ಅತ್ತೆಗೆ ಓದಿ ಹೇಳಿದೆ, ಪೈಥಾನ್ ಕೇಸು ಅಲ್ಲಿಗೇ ಮುಗಿಯಿತು. ಮಗನಿಗೆ ಮಂಡಲ, ಹೆಬ್ಬಾವು ಎರಡರ ಫೋಟೋ ಪಕ್ಕಪಕ್ಕ ಇಟ್ಟು ತೋರಿಸಿದೆ. ಮೊದಲ ಸಲ ಸುಮ್ಮನಾದ. ಆಮೇಲೆ ಅವನೇ ಒಂದು ಪ್ರಶ್ನೆ ಕೊಟ್ಟಿದ್ದಾನೆ: ಊರಿನ ಬಚ್ಚಲುಮನೆ ಗೋಡೆ ಮೇಲೆ ಒಂದು ಸಣ್ಣ ಹಾವು, ಕಡುಕಂದು ಮೈಗೆ ಬಿಳಿ ಅಡ್ಡಪಟ್ಟಿ, ಆಗಾಗ ಕಾಣುತ್ತದಂತೆ. ಕಟ್ಟುಹಾವಾ? ಮತ್ತೆ ಮನೆಯೊಳಗೇ ಬಂದರೆ ನಾವು ಏನು ಮಾಡಬೇಕು?

ಅಡಿಕೆ_ಮತ್ತು_ಮಳೆ:

ಗೋಡೆ ಹತ್ತಿತ್ತು ಅಂದರೆ ತೋಳಹಾವು ಇರುವ ಸಾಧ್ಯತೆ ಜಾಸ್ತಿ. ಅದು ಹಲ್ಲಿ ಹಿಡಿಯಲು ಗೋಡೆ, ಕಿಟಕಿ ಎಲ್ಲ ಹತ್ತುತ್ತದೆ, ವಿಷ ಇಲ್ಲ. ಕಟ್ಟುಹಾವು ಸಾಮಾನ್ಯವಾಗಿ ನೆಲ ಬಿಡುವುದಿಲ್ಲ. ಪಟ್ಟಿ ನೋಡಲು ಹೇಳಿ. ತೋಳಹಾವಿಗೆ ಪಟ್ಟಿ ಕುತ್ತಿಗೆಯಿಂದಲೇ ಶುರು, ಅಲ್ಲಿ ದಟ್ಟವಾಗಿದ್ದು ಬಾಲದ ಕಡೆ ಮಾಸುತ್ತದೆ. ಕಟ್ಟುಹಾವಿಗೆ ಉಲ್ಟಾ, ತಲೆ ಕಡೆ ಮಾಸಲು ಅಥವಾ ಇಲ್ಲವೇ ಇಲ್ಲ, ಬಾಲದ ಕಡೆ ಹೋದಂತೆ ಸ್ಪಷ್ಟ, ಗೆರೆಗಳು ತೆಳುವಾಗಿ ಜೋಡಿ ಜೋಡಿಯಾಗಿ ಇರುತ್ತವೆ, ಮೈ ಎಣ್ಣೆ ಹಚ್ಚಿದಷ್ಟು ಮಿಣಮಿಣ ಕಪ್ಪು. ಆದರೆ ಇದು ನೋಡಿ ಗುರುತಿಸುವುದಕ್ಕೆ, ಹಿಡಿಯುವುದಕ್ಕಲ್ಲ. ಇವೆರಡನ್ನು ಅದಲು ಬದಲು ಮಾಡಿಕೊಂಡು ಕಚ್ಚಿಸಿಕೊಂಡವರಲ್ಲಿ ಹಾವು ಹಿಡಿಯುವವರೂ ಇದ್ದಾರೆ.

ಒಳಗೆ ಬಂದರೆ ಒಬ್ಬರು ದೂರ ನಿಂತು ಅದು ಎಲ್ಲಿ ಹೋಗುತ್ತೆ ಅಂತ ಕಣ್ಣಿಡಿ, ಉಳಿದವರು ಆ ಕೋಣೆ ಬಾಗಿಲು ಹಾಕಿ ಸಂದಿಗೆ ಗೋಣಿಚೀಲ ತುರುಕಿ. ಕಣ್ಣು ತಪ್ಪಿಸಿಕೊಂಡು ಬೀರು ಹಿಂದೆ ಸೇರಿದರೆ ಆ ರಾತ್ರಿ ಯಾರಿಗೂ ನಿದ್ದೆ ಇಲ್ಲ. ಅರಣ್ಯ ಇಲಾಖೆ ಸಹಾಯವಾಣಿ 1926ಕ್ಕೆ ಮಾಡಿ, ಅಥವಾ ಊರಿನ ಹತ್ತಿರದ ಉರಗ ರಕ್ಷಕರ ನಂಬರು ಮೊದಲೇ ಗೋಡೆ ಮೇಲೆ ಬರೆದಿಡಿ. ಹಿಡಿದ ಮೇಲೆ ಹತ್ತಿರದಲ್ಲೇ ಬಿಡಲು ಹೇಳಿ. ದೂರದ ಕಾಡಿಗೆ ಒಯ್ದು ಬಿಟ್ಟ ಹಾವು ತನ್ನ ಜಾಗ ಹುಡುಕುತ್ತಾ ಗೊತ್ತುಗುರಿ ಇಲ್ಲದೆ ಅಲೆಯುತ್ತದೆ.

ಕಟ್ಟಿಗೆ ರಾಶಿ, ಸೋಗೆ ರಾಶಿ ಮನೆಗೆ ತಾಗಿ ಇದ್ದರೆ ಈ ರಜೆಯಲ್ಲಿ ಆಚೆ ಹಾಕಿಸಿ, ಅಲ್ಲಿ ಕೈ ಹಾಕುವ ಮೊದಲು ಕೋಲಿನಲ್ಲಿ ತಟ್ಟುವ ಕೆಲಸಕ್ಕೆ ಬೇಕಾದರೆ ಮಗನ ಕೋಲು ಉಪಯೋಗವಾಗಲಿ. ಬಚ್ಚಲು ನೀರು ಹೋಗುವ ತೂತಿಗೆ ಜಾಲರಿ ಹಾಕಿಸಿ. ಕೊಟ್ಟಿಗೆಯ ಹಿಂಡಿ ಚೀಲ ಡ್ರಮ್ಮಿಗೆ ಹಾಕಿ ಮುಚ್ಚಿದರೆ ಇಲಿ ಕಡಿಮೆ, ಇಲಿ ಕಡಿಮೆಯಾದರೆ ಅದರ ಹಿಂದೆ ಬರುವವರೂ ಕಡಿಮೆ. ತೋಟಕ್ಕೆ ಗಮ್‌ಬೂಟು, ಕತ್ತಲಾದ ಮೇಲೆ ಟಾರ್ಚು. ಬಚ್ಚಲಿನ ಹಾವು ಮತ್ತೆ ಕಂಡರೆ ಬಾಗಿಲಲ್ಲೇ ನಿಂತು ಜೂಮ್ ಮಾಡಿ ಫೋಟೋ ತೆಗೆದು ಇಲ್ಲಿ ಹಾಕಲಿ, ಪಟ್ಟಿ ಯಾವ ಕಡೆ ದಟ್ಟ ಇದೆ ಅಂತ ಎಲ್ಲರೂ ಸೇರಿ ನೋಡೋಣ.